ಹೃದಯದ ಚಿತ್ರವೂ ಅದನ್ನು ಓದುವ ವೈದ್ಯರೂ

ಆಯುರ್ವೇದವು ಶರೀರದ ಮರ್ಮಸ್ಥಾನಗಳಲ್ಲಿ ಶಿರಸ್ಸು, ಹೃದಯ ಮತ್ತು ಬಸ್ತಿ ಎಂಬ ಮೂರನ್ನು ಪ್ರಧಾನವೆಂದು ಎಣಿಸಿದೆ. ಚರಕ ಸಂಹಿತೆಯ ಸಿದ್ಧಿಸ್ಥಾನದಲ್ಲಿ ಈ ಮೂರು ಮರ್ಮಗಳಿಗಾಗಿಯೇ ಒಂದು ಅಧ್ಯಾಯ ಮೀಸಲಾಗಿದೆ. ಹೃದ್ರೋಗವನ್ನು ವಾತಜ, ಪಿತ್ತಜ, ಕಫಜ, ಸನ್ನಿಪಾತಜ, ಕ್ರಿಮಿಜ ಎಂದು ಐದು ಬಗೆಯಾಗಿ ವಿಂಗಡಿಸಿದ ಆಚಾರ್ಯರು, ರೋಗಿಯನ್ನು ಅರಿಯಲು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ದಾರಿಗಳನ್ನು ತೋರಿದರು. ನೋಡುವುದು, ಮುಟ್ಟುವುದು, ಕೇಳುವುದು. ಆದರೆ ಪಕ್ಕೆಲುಬುಗಳ ಗೂಡಿನೊಳಗೆ, ಎರಡು ಶ್ವಾಸಕೋಶಗಳ ನಡುವೆ ಅಡಗಿ ಕುಳಿತು ಕ್ಷಣವೂ ನಿಲ್ಲದೆ ಮಿಡಿಯುವ ಹೃದಯಕ್ಕೆ ದರ್ಶನ ಎಂಬ ಮಾತು ಬಹುಕಾಲ ಅನ್ವಯಿಸಲೇ ಇಲ್ಲ. ನಾಡಿಯ ಗತಿ, ಮುಖದ ವರ್ಣ, ಕಾಲಿನ ಬಾವು, ಉಸಿರಿನ ಏರಿಳಿತ ಇವುಗಳಿಂದ ವೈದ್ಯನು ಅನುಮಾನ ಪ್ರಮಾಣದ ಮೂಲಕವೇ ಒಳಗಿನ ಸ್ಥಿತಿಯನ್ನು ಊಹಿಸಬೇಕಾಗಿತ್ತು. ಕಲ್ಯಾಣದ ಶರಣರ ಕಾಲದಲ್ಲಿ ವೃತ್ತಿಯಿಂದ ವೈದ್ಯರಾಗಿದ್ದ ವೈದ್ಯ ಸಂಗಣ್ಣನವರ ಕೈಯಲ್ಲಿಯೂ ಇದ್ದ ಸಾಧನಗಳು ಇವೇ. 1816ರಲ್ಲಿ ಫ್ರಾನ್ಸಿನ ಲೆನೆಕ್ ಸ್ಟೆತೊಸ್ಕೋಪನ್ನು ರೂಪಿಸಿದ ಮೇಲೆ ಹೃದಯದ ಸದ್ದು ಸ್ಪಷ್ಟವಾಗಿ ಕೇಳಿಸಿತೇ ಹೊರತು ಹೃದಯ ಕಾಣಿಸಲಿಲ್ಲ.

ಇಂದು ಅನುಮಾನವಾಗಿದ್ದುದು ಪ್ರತ್ಯಕ್ಷವಾಗಿದೆ. ಮಿಡಿಯುತ್ತಿರುವ ಹೃದಯವನ್ನು ಅದು ಮಿಡಿಯುತ್ತಿರುವಾಗಲೇ ನೋಡಿ, ಅಳೆದು, ಅರ್ಥ ಹೇಳುವುದನ್ನೇ ವೃತ್ತಿಯಾಗಿ ಉಳ್ಳ ವೈದ್ಯರ ಒಂದು ವರ್ಗವೇ ಬೆಳೆದಿದೆ. ಇವರನ್ನು ಹೃದಯಚಿತ್ರಣ ತಜ್ಞರು ಎನ್ನಬಹುದು. ನಮ್ಮ ಭಾಗದ ಭಕ್ತರಲ್ಲಿ ಬಹುಮಂದಿ ಇವರನ್ನು ವೈದ್ಯರೆಂದೇ ಭಾವಿಸುವುದಿಲ್ಲ. ‘ಮಷಿನ್ ನಡೆಸುವವರು’ ಎಂದು ತಿಳಿಯುತ್ತಾರೆ. ರಿಪೋರ್ಟಿನ ಕಾಗದ ಕೈಗೆ ಬಂದರೆ ಅವರ ಕೆಲಸ ಮುಗಿಯಿತೆಂದು ಎಣಿಸುತ್ತಾರೆ. ಈ ತಪ್ಪು ತಿಳುವಳಿಕೆಯಿಂದ ಆಗುವ ಹಾನಿಯನ್ನು ನನ್ನ ಚಿಕಿತ್ಸಾಲಯದಲ್ಲಿ ಮೇಲಿಂದ ಮೇಲೆ ಕಂಡಿರುವುದರಿಂದ ಈ ತಿಂಗಳು ಇದೇ ವಿಷಯವನ್ನು ಎತ್ತಿಕೊಂಡಿದ್ದೇನೆ.

ಮೊದಲು ಇವರು ಯಾರೆಂಬುದನ್ನು ಹೇಳಬೇಕು. ಎದೆಯ ಮೇಲೆ ಉಪಕರಣವಿಟ್ಟು ಎಕೋ ಪರೀಕ್ಷೆಯ ಚಿತ್ರಗಳನ್ನು ಸಂಗ್ರಹಿಸುವವರು ಅನೇಕ ಕಡೆ ಹೃದಯ ತಂತ್ರಜ್ಞರು. ಇದಕ್ಕೆಂದೇ ಪದವಿ ಪಡೆದವರು. ಆ ಚಿತ್ರಗಳನ್ನು ಓದಿ ನಿರ್ಣಯ ಬರೆಯುವವರು ಹೃದ್ರೋಗ ತಜ್ಞರು. ಸಿಟಿ ಮತ್ತು ಎಂಆರ್‌ಐ ಚಿತ್ರಗಳನ್ನು ಓದುವವರು ಬಹುಮಟ್ಟಿಗೆ ರೇಡಿಯಾಲಜಿ ತಜ್ಞರು. ಅತ್ಯಲ್ಪ ಪ್ರಮಾಣದ ವಿಕಿರಣಶೀಲ ಔಷಧವನ್ನು ರಕ್ತಕ್ಕೆ ಕೊಟ್ಟು ಹೃದಯದ ಮಾಂಸಖಂಡಕ್ಕೆ ರಕ್ತ ಎಷ್ಟು ತಲುಪುತ್ತಿದೆಯೆಂದು ನೋಡುವವರು ನ್ಯೂಕ್ಲಿಯರ್ ವೈದ್ಯಶಾಸ್ತ್ರದ ತಜ್ಞರು. ಬೀದರ, ಕಲಬುರಗಿ, ಸೊಲ್ಲಾಪುರ, ಹೈದರಾಬಾದುಗಳಿಗೆ ಹೋಗಿಬರುವ ನಮ್ಮ ಜನ ಇವರೆಲ್ಲರನ್ನೂ ‘ಸ್ಕ್ಯಾನ್ ಡಾಕ್ಟರು’ ಎಂಬ ಒಂದೇ ಹೆಸರಿನಿಂದ ಕರೆಯುವುದುಂಟು. ಹೆಸರು ಯಾವುದಾದರೂ ಇರಲಿ, ಅವರ ಕಾರ್ಯವನ್ನು ಅರಿಯುವುದು ಮುಖ್ಯ.

ಹಡಗಿನ ಕಾರ್ಖಾನೆಯಿಂದ ಹೃದಯದ ಕವಾಟಕ್ಕೆ

ಎಕೋ ಪರೀಕ್ಷೆಯ ಹುಟ್ಟಿನ ಕಥೆ ಸ್ವಾರಸ್ಯಕರವಾದುದು. ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಇಂಗೆ ಎಡ್ಲರ್ ಎಂಬ ಹೃದ್ರೋಗ ವೈದ್ಯರಿದ್ದರು. ಆ ಕಾಲದಲ್ಲಿ ಹೃದಯದ ಮಿಟ್ರಲ್ ಕವಾಟದ ಶಸ್ತ್ರಚಿಕಿತ್ಸೆ ಆಗತಾನೇ ಆರಂಭವಾಗಿತ್ತು. ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಗಳ ನಡುವಣ ಈ ಕವಾಟವು ಕಿರಿದಾಗಿದೆಯೋ ಅಥವಾ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತಿದೆಯೋ ಎಂಬುದು ಶಸ್ತ್ರವೈದ್ಯರಿಗೆ ಮುಂಚಿತವಾಗಿ ತಿಳಿಯಬೇಕಿತ್ತು. ಕಿರಿದಾಗಿದ್ದರೆ ಬಿಡಿಸಬಹುದು, ಸೋರುತ್ತಿರುವ ಕವಾಟವನ್ನು ಮತ್ತಷ್ಟು ಬಿಡಿಸಿದರೆ ರೋಗಿಯ ಸ್ಥಿತಿ ಹದಗೆಡುವುದು. ಅಂದಿನ ಪರೀಕ್ಷೆಗಳಿಂದ ಇದು ನಿಶ್ಚಿತವಾಗಿ ತಿಳಿಯುತ್ತಿರಲಿಲ್ಲ. ಎಡ್ಲರ್ ಅವರು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಅವರ ನೆರವು ಬೇಡಿದರು. ಲೋಹದ ಬೆಸುಗೆಯಲ್ಲಿ ಬಿರುಕಿದೆಯೇ ಎಂದು ಶಬ್ದತರಂಗಗಳಿಂದ ಪತ್ತೆಹಚ್ಚುವ ಉಪಕರಣವೊಂದು ಸಮೀಪದ ಮಾಲ್ಮೋ ನಗರದ ಹಡಗು ಕಟ್ಟುವ ಕಾರ್ಖಾನೆಯಲ್ಲಿತ್ತು. ಹರ್ಟ್ಸ್ ಅಲ್ಲಿಗೆ ಹೋಗಿ, ಅದನ್ನು ತಮ್ಮ ಎದೆಯ ಮೇಲೆಯೇ ಇಟ್ಟು ಪರೀಕ್ಷಿಸಿದರು. ಅಂಥದೇ ಉಪಕರಣವೊಂದನ್ನು ಎರವಲು ಪಡೆದು 1953ರ ಅಕ್ಟೋಬರ್ 29ರಂದು ಇಬ್ಬರೂ ಸೇರಿ ಹೃದಯದ ಚಲನೆಯನ್ನು ಮೊದಲ ಬಾರಿಗೆ ದಾಖಲಿಸಿದರು.

ತತ್ತ್ವ ಸರಳವಾದುದು. ಬಾವಿಯೊಳಕ್ಕೆ ಕೂಗಿದರೆ ದನಿ ಮರಳುವಂತೆ, ಎದೆಯೊಳಕ್ಕೆ ಕಳುಹಿಸಿದ ಶಬ್ದವು ಹೃದಯದ ಗೋಡೆ ಮತ್ತು ಕವಾಟಗಳಿಗೆ ತಾಗಿ ಹಿಂದಿರುಗುತ್ತದೆ. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಕೇಳಿಸುತ್ತದೆ. ಎಕೋದಲ್ಲಿ ಬಳಸುವ ಶಬ್ದದ ಕಂಪನಗಳು ಸೆಕೆಂಡಿಗೆ 20 ಲಕ್ಷಕ್ಕೂ ಮಿಗಿಲು. ದೇಹದ ಮೃದು ಅಂಗಾಂಶದಲ್ಲಿ ಅದು ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಚಲಿಸುತ್ತದೆ. ಮರಳಿ ಬರಲು ತಗಲಿದ ಕಾಲದಿಂದ ದೂರವನ್ನೂ, ಕಂಪನದಲ್ಲಿ ಆದ ವ್ಯತ್ಯಾಸದಿಂದ ರಕ್ತದ ವೇಗವನ್ನೂ ಯಂತ್ರವು ಲೆಕ್ಕ ಹಾಕುತ್ತದೆ. ಎರಡನೆಯ ತತ್ತ್ವವನ್ನು 1842ರಲ್ಲಿಯೇ ಪ್ರತಿಪಾದಿಸಿದ ಡಾಪ್ಲರ್ ಎಂಬ ವಿಜ್ಞಾನಿಯ ಹೆಸರು ಇಂದಿಗೂ ನಿಮ್ಮ ರಿಪೋರ್ಟಿನ ತಲೆಬರಹದಲ್ಲಿ ಇರುತ್ತದೆ. ಇದರಲ್ಲಿ ಕ್ಷಕಿರಣವಿಲ್ಲ, ಗರ್ಭಿಣಿಯರಿಗೂ ಎಳೆಯ ಕೂಸಿಗೂ ನಿರ್ಭಯವಾಗಿ ಮಾಡಬಹುದು.

ಯಂತ್ರ ಸುಳ್ಳು ಹೇಳುವುದಿಲ್ಲ ಎಂಬ ಮಾತು ಜನರಲ್ಲಿ ಪ್ರಚಲಿತವಾಗಿದೆ. ಇಲ್ಲಿ ಅದು ಅರ್ಧಸತ್ಯ. ಶಬ್ದದ ಕಿರಣ ರಕ್ತದ ಹರಿವಿಗೆ ನೇರವಾಗಿ ಹೋಗಬೇಕು. ಹಿಡಿದ ಕೈ ಓರೆಯಾದರೆ ರಕ್ತದ ವೇಗ ಇದ್ದುದಕ್ಕಿಂತ ಕಡಿಮೆ ಕಾಣಿಸುತ್ತದೆ, ಗಂಭೀರವಾಗಿ ಕಿರಿದಾದ ಕವಾಟವೂ ಸಾಧಾರಣವೆಂಬಂತೆ ತೋರುತ್ತದೆ. ಸ್ಥೂಲಕಾಯರಲ್ಲಿ, ಬಹುಕಾಲ ಬೀಡಿ ಸೇದಿ ಶ್ವಾಸಕೋಶ ಉಬ್ಬಿದವರಲ್ಲಿ ಚಿತ್ರವು ಮಂಜಾಗುತ್ತದೆ. ಯಾವ ಕೋನದಿಂದ ನೋಡಬೇಕು, ಯಾವ ಚಿತ್ರವನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಯಂತ್ರದಲ್ಲಿಲ್ಲ. ಅದು ನೋಡುವವರ ಅಭ್ಯಾಸದಲ್ಲಿದೆ. ಆದುದರಿಂದಲೇ ಸಮಗ್ರವಾದ ಎಕೋ ಪರೀಕ್ಷೆಗೆ ಅರ್ಧ ಗಂಟೆಯಾದರೂ ಹಿಡಿಯಬಹುದು. ಪರೀಕ್ಷಿಸುವವರು ಒಂದೇ ಜಾಗವನ್ನು ಮತ್ತೆ ಮತ್ತೆ ನೋಡುತ್ತಿದ್ದರೆ ರೋಗಿಯು ಗಾಬರಿಗೊಳ್ಳಬೇಕಾಗಿಲ್ಲ. ಶ್ರದ್ಧೆಯಿಂದ ನೋಡುತ್ತಿದ್ದಾರೆಂದು ತಿಳಿಯಬೇಕು.

ಚಿಕಿತ್ಸೆಯನ್ನು ತಡೆದ ಚಿತ್ರ

ಎಡ್ಲರ್ ಅವರನ್ನು ಕಾಡಿದ ಮಿಟ್ರಲ್ ಕವಾಟದ ರೋಗವು ಶ್ರೀಮಂತ ದೇಶಗಳಲ್ಲಿ ಈಗ ವಿರಳವಾಗಿದೆ. ನಮ್ಮಲ್ಲಿ ಹಾಗಿಲ್ಲ. ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲು ನೋವು ಬರುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಕೆಲವು ಮಕ್ಕಳಲ್ಲಿ ಎರಡು ಮೂರು ವಾರಗಳ ನಂತರ ಜ್ವರ, ಒಂದು ಕೀಲಿನಿಂದ ಇನ್ನೊಂದಕ್ಕೆ ಹಾರುವ ಬಾವು ಕಾಣಿಸಿಕೊಳ್ಳುತ್ತವೆ. ಇದೇ ರುಮ್ಯಾಟಿಕ್ ಜ್ವರ. ಕೀಲು ನೋವು ಗುಣವಾಗುತ್ತದೆ, ಆದರೆ ಹೃದಯದ ಕವಾಟಕ್ಕೆ ತಗುಲಿದ ಗಾಯ ಒಳಗೊಳಗೇ ಗಟ್ಟಿಯಾಗುತ್ತ ಹೋಗುತ್ತದೆ. ಹದಿನೈದು ಇಪ್ಪತ್ತು ವರ್ಷಗಳ ತರುವಾಯ, ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ, ಅನೇಕ ವೇಳೆ ಬಸಿರಿನ ದಿನಗಳಲ್ಲಿ, ಉಬ್ಬಸವಾಗಿ ಅದು ಹೊರಬೀಳುತ್ತದೆ. ಇಕ್ಕಟ್ಟಾದ ಮನೆ, ಕಿಕ್ಕಿರಿದ ಶಾಲೆಯ ಕೋಣೆ, ಗಂಟಲು ನೋವನ್ನು ಉಪೇಕ್ಷಿಸುವ ಬಡತನ ಇವು ಈ ರೋಗದ ಬೀಜಭೂಮಿಗಳು.

ನಮ್ಮ ಭಾಗದ ಒಬ್ಬ ತಾಯಿ, ವಯಸ್ಸು ಮೂವತ್ತರ ಆಸುಪಾಸು, ದಮ್ಮು ಎಂದು ಹಲವು ವರ್ಷ ಅಲ್ಲಲ್ಲಿ ಔಷಧ ಪಡೆದು ಕೊನೆಗೆ ನನ್ನಲ್ಲಿಗೆ ಬಂದರು. ಎರಡು ಕೊಡ ನೀರು ಹೊತ್ತರೆ ಏದುಸಿರು. ರಾತ್ರಿ ಮಲಗಿದರೆ ಉಸಿರು ಕಟ್ಟಿ ಎದ್ದು ಕೂಡಬೇಕು. ಕೈ ಹಿಡಿದಾಗ ನಾಡಿಯಲ್ಲಿ ಯಾವ ಲಯವೂ ಇರಲಿಲ್ಲ. ಒಂದು ಬಡಿತ ಬಲವಾಗಿ, ಇನ್ನೊಂದು ಕ್ಷೀಣವಾಗಿ, ನಡುವಿನ ಅಂತರವೂ ಅನಿಯತ. ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟಾಗ ದೂರದ ಗುಡುಗಿನಂಥ ಮಂದ್ರ ಸದ್ದು. ಇದು ಶ್ವಾಸರೋಗವಲ್ಲ, ಕವಾಟದ್ದು ಎಂದು ಚೀಟಿ ಬರೆದು ನಗರದ ಹೃದ್ರೋಗ ಆಸ್ಪತ್ರೆಗೆ ಕಳುಹಿಸಿದೆ. ಎಕೋದಲ್ಲಿ ಮಿಟ್ರಲ್ ಕವಾಟದ ದ್ವಾರವು 0.9 ಚದರ ಸೆಂಟಿಮೀಟರ್ ಎಂದು ಬಂದಿತು. ಆರೋಗ್ಯವಂತರಲ್ಲಿ ಅದು 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ.

ಇಂಥ ಕವಾಟವನ್ನು ಎದೆ ತೆರೆಯದೆಯೇ ಬಿಡಿಸುವ ಉಪಾಯವಿದೆ. ತೊಡೆಯ ಸಂದಿಯ ರಕ್ತನಾಳದ ಮೂಲಕ ತೆಳುವಾದ ನಳಿಕೆಯನ್ನು ಹೃದಯದವರೆಗೆ ಒಯ್ದು, ಕವಾಟದ ನಡುವೆ ಬಲೂನನ್ನು ಉಬ್ಬಿಸಿ ಅಂಟಿಕೊಂಡ ಎಸಳುಗಳನ್ನು ಬಿಡಿಸುವ ಈ ಕ್ರಮವನ್ನು ಜಪಾನಿನ ಶಸ್ತ್ರವೈದ್ಯ ಕಾಂಜಿ ಇನೋವೆ 1984ರಲ್ಲಿ ಪ್ರಕಟಪಡಿಸಿದರು. ಆ ತಾಯಿಗೂ ಇದೇ ನಿಶ್ಚಯವಾಯಿತು, ದಿನವೂ ಗೊತ್ತಾಯಿತು. ಆದರೆ ಬಲೂನಿಗೆ ಮುನ್ನ ಚಿತ್ರಣ ತಜ್ಞರು ಇನ್ನೊಂದು ಪರೀಕ್ಷೆ ಮಾಡಿದರು. ಬಾಯಿಯ ಮೂಲಕ ಅನ್ನನಾಳದೊಳಗೆ ಸಣ್ಣ ಉಪಕರಣವನ್ನು ಇಳಿಸಿ ಹೃದಯವನ್ನು ಬೆನ್ನಿನ ಕಡೆಯಿಂದ ನೋಡುವ ಎಕೋ ಅದು. ಅನ್ನನಾಳವು ಎಡ ಹೃತ್ಕರ್ಣಕ್ಕೆ ತಾಗಿಕೊಂಡೇ ಸಾಗುವುದರಿಂದ, ಎದೆಯ ಮೇಲಿನಿಂದ ಕಾಣದ ಮೂಲೆಗಳು ಅಲ್ಲಿಂದ ನಿಚ್ಚಳವಾಗಿ ಕಾಣುತ್ತವೆ. ಎಡ ಹೃತ್ಕರ್ಣದ ಪಕ್ಕಕ್ಕೆ ಕಿವಿಯಾಕಾರದ ಒಂದು ಪುಟ್ಟ ಚೀಲವಿದೆ. ಲಯ ತಪ್ಪಿದ ಹೃದಯದಲ್ಲಿ ರಕ್ತವು ಅಲ್ಲಿ ನಿಂತ ನೀರಿನಂತೆ ನಿಂತು ಹೆಪ್ಪುಗಟ್ಟುತ್ತದೆ. ಈ ತಾಯಿಯ ಹೃದಯದಲ್ಲಿ ಅಂಥ ಹೆಪ್ಪು ಇತ್ತು. ತಜ್ಞರು ಬಲೂನ್ ಚಿಕಿತ್ಸೆಯನ್ನು ಅಂದೇ ನಿಲ್ಲಿಸಿದರು; ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟು ಮನೆಗೆ ಕಳುಹಿಸಿದರು.

ಮನೆಯವರು ನೇರವಾಗಿ ನನ್ನ ಬಳಿಗೆ ಬಂದರು. ಸಾಲ ಮಾಡಿ ಹೋಗಿದ್ದರು, ಹೊಲದ ಕೆಲಸ ಬಿಟ್ಟಿದ್ದರು. “ಎರಡು ಸಲ ಮಷಿನ್‌ದಾಗ ನೋಡಿ, ಏನೂ ಮಾಡದೇ ಹೊಳ್ಳಿ ಕಳಿಸ್ಯಾರ್ರಿ ಡಾಕ್ಟರ್ ಸಾಹೇಬ್ರೇ. ಬಡವರಂತ ಹಿಂಗ ಮಾಡ್ಯಾರೇನ್ರಿ?” ಎಂದು ಆಕೆಯ ಪತಿ ಕೇಳಿದರು. ಬೇರೆ ಊರಿನ ಬೇರೆ ಆಸ್ಪತ್ರೆಗೆ ಒಯ್ಯುವ ಸಿದ್ಧತೆಯೂ ನಡೆದಿತ್ತು.

ಅವರಿಗೆ ನಾನು ಹೇಳಿದುದನ್ನೇ ಇಲ್ಲಿಯೂ ಹೇಳುತ್ತೇನೆ. ಆ ಹೆಪ್ಪು ಇರುವಾಗ ನಳಿಕೆ ಒಳಹೊಕ್ಕು ಅದನ್ನು ಕದಲಿಸಿದ್ದರೆ, ಅದು ರಕ್ತದೊಡನೆ ಮೆದುಳಿಗೆ ಹೋಗಿ ಅಡ್ಡಗಟ್ಟುತ್ತಿತ್ತು. ಉಸಿರಾಟ ಸರಿಯಾಗಲೆಂದು ಹೋದವರು ಲಕ್ವಾ ಹೊಡೆಸಿಕೊಂಡು ಮರಳುವ ಸಂಭವವಿತ್ತು. ಹಿಂದಕ್ಕೆ ಕಳುಹಿಸಿದ ಆ ದಿನವೇ ಆಕೆಗೆ ಅತ್ಯಂತ ಮುಖ್ಯವಾದ ಚಿಕಿತ್ಸೆ ದೊರೆತಿತ್ತು. ಚಿತ್ರಣ ತಜ್ಞರ ಪಾತ್ರವನ್ನು ಒಂದೇ ಉದಾಹರಣೆಯಿಂದ ತಿಳಿಸಬೇಕೆಂದರೆ ನಾನು ಇದನ್ನೇ ಆರಿಸಿಕೊಳ್ಳುವೆನು: ‘ಮಾಡಿ’ ಎಂದು ಹೇಳುವಷ್ಟೇ ಅಧಿಕಾರ ಅವರಿಗೆ ‘ಈಗ ಬೇಡ’ ಎನ್ನುವುದರಲ್ಲಿಯೂ ಇದೆ. ಬಲೂನು ಉಬ್ಬಿಸುವ ವೈದ್ಯರ ಹೆಸರನ್ನು ರೋಗಿಗಳು ನೆನಪಿಡುತ್ತಾರೆ; ಬೇಡವೆಂದವರ ಹೆಸರು ಯಾರಿಗೂ ತಿಳಿದಿರುವುದಿಲ್ಲ.

ಸುಮಾರು ಮೂರು ತಿಂಗಳು ಮಾತ್ರೆ ನಡೆಯಿತು. ಈ ಮಾತ್ರೆ ನುಂಗುವವರು ಐಎನ್‌ಆರ್ ಎಂಬ ರಕ್ತಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಅದು ಸಾಮಾನ್ಯವಾಗಿ 2 ಮತ್ತು 3ರ ನಡುವೆ ಇರಬೇಕು. ಮರಳಿ ನೋಡಿದಾಗ ಹೆಪ್ಪು ಕರಗಿತ್ತು, ಬಲೂನ್ ಚಿಕಿತ್ಸೆ ಆಯಿತು, ದ್ವಾರವು 1.7ಕ್ಕೆ ಹಿಗ್ಗಿತು. ಅಷ್ಟರಿಂದಲೇ ಆ ತಾಯಿ ಇಂದು ನೀರು ಹೊರುತ್ತಾರೆ, ರೊಟ್ಟಿ ಬಡಿಯುತ್ತಾರೆ. ಪೆನಿಸಿಲಿನ್ ಚುಚ್ಚುಮದ್ದನ್ನು ಮೂರು ವಾರಕ್ಕೊಮ್ಮೆ ತಪ್ಪದೆ ಪಡೆಯುತ್ತಾರೆ. ರುಮ್ಯಾಟಿಕ್ ಜ್ವರ ಮರುಕಳಿಸದಂತೆ ತಡೆಯಲು ಇದು ವರ್ಷಗಟ್ಟಲೆ ಬೇಕು.

ಅರ್ಜುನಾರಿಷ್ಟದಿಂದ ಕವಾಟ ಬಿಚ್ಚಿಕೊಳ್ಳುವುದೇ ಎಂದು ನನ್ನನ್ನು ಕೇಳುವವರಿದ್ದಾರೆ. ಹೊಳೆಮತ್ತಿ, ಅಂದರೆ ಅರ್ಜುನ ವೃಕ್ಷದ ತೊಗಟೆಗೆ ಹೃದ್ಯವೆಂಬ ಕೀರ್ತಿ ಗ್ರಂಥಗಳಲ್ಲಿದೆ. ನಾನೂ ಅದನ್ನು ಬಳಸುತ್ತೇನೆ. ಆದರೆ ಗಟ್ಟಿಯಾಗಿ ಬೆಸೆದುಕೊಂಡ ಎಸಳುಗಳನ್ನು ಯಾವ ಕಷಾಯವೂ ಬಿಡಿಸಲಾರದು. ಹಾಗೆಂದು ಭರವಸೆ ಕೊಡುವವರು ಆಯುರ್ವೇದಕ್ಕೆ ಉಪಕಾರ ಮಾಡುತ್ತಿಲ್ಲ. ಇನ್ನೂ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಗುಗ್ಗುಳು, ಔಷಧ ಪ್ರಮಾಣದ ಬೆಳ್ಳುಳ್ಳಿ ಮೊದಲಾದವುಗಳನ್ನು ವೈದ್ಯರಿಗೆ ತಿಳಿಸದೆ ಸೇವಿಸಬಾರದು, ರಕ್ತಸ್ರಾವದ ಅಪಾಯ ಹೆಚ್ಚಬಹುದು.

ರಿಪೋರ್ಟಿನ ಮಾತುಗಳು

ರಿಪೋರ್ಟು ಕೈಗೆ ಬಂದೊಡನೆ ಅದನ್ನು ಮೊಬೈಲಿನಲ್ಲಿ ಹುಡುಕಿ ಹೆದರುವವರು ಈಚೆಗೆ ಹೆಚ್ಚಾಗಿದ್ದಾರೆ. ಅತಿ ಹೆಚ್ಚು ಭಯ ಹುಟ್ಟಿಸುವ ಸಂಖ್ಯೆಯೆಂದರೆ ಇಎಫ್. ‘ಇಎಫ್ 60%’ ಎಂದು ಕಂಡ ಕೂಡಲೇ ಹೃದಯ ಶೇಕಡಾ 60ರಷ್ಟೇ ಕೆಲಸ ಮಾಡುತ್ತಿದೆ, 40 ಭಾಗ ಹೋಯಿತು ಎಂದು ಕಂಗಾಲಾಗುತ್ತಾರೆ. ಅದರ ಅರ್ಥ ಬೇರೆ. ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಹೋಗುತ್ತದೆ ಎಂಬ ಪ್ರಮಾಣವೇ ಇಎಫ್. 120 ಮಿಲಿಲೀಟರ್ ತುಂಬಿ 70 ಹೊರಬಿದ್ದರೆ ಅದು ಸುಮಾರು 58%, ಅದು ಸಹಜ. ಯಾವ ಆರೋಗ್ಯವಂತ ಹೃದಯವೂ ಪೂರ್ತಿ ಬರಿದಾಗುವುದಿಲ್ಲ. ಸಾಮಾನ್ಯವಾಗಿ 55ರಿಂದ 70ರವರೆಗೆ ಚಿಂತೆಯಿಲ್ಲ. 40ಕ್ಕಿಂತ ಕೆಳಗೆ ಇಳಿದರೆ ಹೃದಯದ ಬಲ ಗಣನೀಯವಾಗಿ ಕುಂದಿದೆ ಎಂದರ್ಥ. ಇಬ್ಬರು ತಜ್ಞರು ಒಬ್ಬರನ್ನೇ ನೋಡಿದರೂ ಐದಾರು ಅಂಕಗಳ ವ್ಯತ್ಯಾಸ ಬರಬಹುದು. ಕಳೆದ ವರ್ಷ 60 ಇದ್ದುದು ಈ ವರ್ಷ 56 ಆಗಿದೆಯೆಂದು ನಿದ್ದೆಗೆಡಬೇಕಾಗಿಲ್ಲ.

ಇದಕ್ಕೆ ವಿರುದ್ಧವಾದ ಭ್ರಮೆ ಹೆಚ್ಚು ಅಪಾಯಕಾರಿ. ಎಕೋ ಸರಿಯಿದೆ, ಆದ್ದರಿಂದ ಬ್ಲಾಕೇಜ್ ಇಲ್ಲ ಎಂದು ತಿಳಿಯುವುದು. ಎಕೋದಲ್ಲಿ ಹೃದಯದ ಗೋಡೆ, ಕೋಣೆ, ಕವಾಟಗಳು ಕಾಣುತ್ತವೆ. ಹೃದಯಕ್ಕೇ ರಕ್ತ ಉಣಿಸುವ ಸಣ್ಣ ರಕ್ತನಾಳಗಳ ಒಳಗೆ ಕೊಬ್ಬು ಕಟ್ಟಿದೆಯೇ ಎಂಬುದು ನೇರವಾಗಿ ಕಾಣುವುದಿಲ್ಲ. ಒಮ್ಮೆ ಆಘಾತವಾಗಿ ಗೋಡೆಯ ಒಂದು ಭಾಗ ಮಂಕಾದ ಮೇಲೆ ಎಕೋ ಅದನ್ನು ತೋರಿಸುತ್ತದೆ. ಅದಕ್ಕೆ ಮುಂಚೆ, ನಡೆದಾಗ ಎದೆ ಬಿಗಿಯುವ ವ್ಯಕ್ತಿಯ ಎಕೋ ಪೂರ್ತಿ ಸಹಜವಾಗಿರಬಹುದು. ಆದುದರಿಂದ ಕಾಗದದ ಮೇಲಿನ ‘ನಾರ್ಮಲ್’ ಎಂಬ ಪದಕ್ಕಿಂತ ನಿಮ್ಮ ಎದೆಯ ಬಿಗಿತವನ್ನು ವೈದ್ಯರಿಗೆ ವಿವರಿಸಿ ಹೇಳುವುದೇ ಮುಖ್ಯ.

‘ಟ್ರಿವಿಯಲ್’ ಎಂದು ಬರೆದ ಕವಾಟದ ಸೋರಿಕೆ ಆರೋಗ್ಯವಂತರಲ್ಲಿಯೂ ಇರುತ್ತದೆ. ‘ಗ್ರೇಡ್ ಒಂದು ಡಯಾಸ್ಟೋಲಿಕ್ ಡಿಸ್‌ಫಂಕ್ಷನ್’ ಎಂಬ ಉದ್ದನೆಯ ಮಾತು ಅರವತ್ತು ದಾಟಿದ ಬಹಳ ಜನರ ರಿಪೋರ್ಟಿನಲ್ಲಿ ಇರುತ್ತದೆ, ನನ್ನದರಲ್ಲಿಯೂ ಇದೆ. ಹೃದಯದ ಗೋಡೆಯು ಸಡಿಲಗೊಳ್ಳುವ ಗುಣ ತುಸು ಕುಗ್ಗಿದೆ ಎಂದಷ್ಟೇ ಅದರ ತಾತ್ಪರ್ಯ. ರಕ್ತದೊತ್ತಡವನ್ನು ಹಿಡಿತದಲ್ಲಿಡುವುದು ಅದಕ್ಕೆ ತಕ್ಕ ಉಪಾಯ.

ರಕ್ತನಾಳಗಳನ್ನು ನೋಡಲು ಸಿಟಿ ಆಂಜಿಯೋಗ್ರಾಂ ಇದೆ. ಸಿಟಿ ಯಂತ್ರಕ್ಕಾಗಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಎಡೆಬಿಡದೆ ಚಲಿಸುವ ಹೃದಯವನ್ನು ಹಿಡಿಯುವಷ್ಟು ವೇಗ ಅದಕ್ಕೆ ಬರಲು ಮತ್ತೆ ಎರಡು ದಶಕಗಳೇ ಬೇಕಾದವು. ಅಯೋಡಿನ್ ಬೆರೆತ ದ್ರವವನ್ನು ಕೈಯ ರಕ್ತನಾಳಕ್ಕೆ ಕೊಟ್ಟು ಇದನ್ನು ಮಾಡುವುದರಿಂದ ಮೂತ್ರಪಿಂಡದ ತೊಂದರೆಯುಳ್ಳವರು, ಮಧುಮೇಹಿಗಳು, ಹಿಂದೆ ಇಂಥ ದ್ರವದಿಂದ ತುರಿಕೆ ಅಥವಾ ಉಬ್ಬಸ ಬಂದವರು ಮೊದಲೇ ತಿಳಿಸಬೇಕು. ನಾಡಿಬಡಿತ 65ರ ಕೆಳಗಿದ್ದರೆ ಚಿತ್ರ ಚೆನ್ನಾಗಿ ಬರುತ್ತದೆ, ಅದಕ್ಕಾಗಿ ಮಾತ್ರೆ ಕೊಡುವುದುಂಟು. ಎಂಆರ್‌ಐ ಹೃದಯದ ಮಾಂಸಖಂಡದ ಗುಣವನ್ನು ಹೇಳುತ್ತದೆ: ಯಾವ ಭಾಗ ಸತ್ತಿದೆ, ಯಾವುದು ಇನ್ನೂ ಬದುಕುಳಿದಿದೆ ಎಂದು. ಇವೆರಡೂ ಎಲ್ಲರಿಗೂ ಬೇಕಾಗುವ ಪರೀಕ್ಷೆಗಳಲ್ಲ. ಯಾರಿಗೆ ಯಾವುದು ಸಾಕು ಎಂದು ತೀರ್ಮಾನಿಸುವುದೂ ಚಿತ್ರಣ ತಜ್ಞರ ಕೆಲಸವೇ. ‘ಎಲ್ಲ ಸ್ಕ್ಯಾನ್ ಬರೆದುಕೊಡಿ’ ಎಂದು ಕೇಳುವುದು ಜಾಣತನವಲ್ಲ.

ಚಿತ್ರಕ್ಕಾಗಿ ಕಾಯಬಾರದ ಹೊತ್ತು

ಲುಂಡ್ ನಗರದಲ್ಲಿ ಮೊದಲ ಎಕೋ ಆದ ಅಕ್ಟೋಬರ್ 29ನೆಯ ದಿನಾಂಕವು ಕನ್ನಡಿಗರಿಗೆ ಬೇರೊಂದು ಕಾರಣಕ್ಕೆ ನೆನಪಿದೆ. 2021ರ ಅದೇ ದಿನ ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆಮೇಲಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗಾಗಿ ಜನ ಮುಗಿಬಿದ್ದರು. 2025ರ ಮಧ್ಯಭಾಗದಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗಲೂ ಬೆಂಗಳೂರು, ಮೈಸೂರುಗಳಲ್ಲಿ ಅದೇ ದೃಶ್ಯ. ಹೆದರಿದ ಸಾವಿರಾರು ಜನ ಸಾಲುಗಟ್ಟಿ ನಿಂತಾಗ ನಿಜವಾಗಿ ತುರ್ತು ಅಗತ್ಯವಿರುವ ರೋಗಿಗೆ ತಜ್ಞರ ಸಮಯ ದೊರೆಯುವುದು ಕಷ್ಟವಾಗುತ್ತದೆ. ಭೀತಿಯಿಂದ ಒಮ್ಮೆ ಮಾಡಿಸಿದ ಎಕೋಗಿಂತ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್‌ಗಳ ನಿಯಮಿತ ಪರೀಕ್ಷೆ, ತಂಬಾಕಿನ ತ್ಯಾಗ ಇವು ಹೆಚ್ಚು ರಕ್ಷಣೆ ಕೊಡುತ್ತವೆ ಎಂಬುದು ನನ್ನ ಅಭಿಪ್ರಾಯ. ಗುಟಖಾ ಜಗಿಯುತ್ತ ಎಕೋ ಸಾಲಿನಲ್ಲಿ ನಿಂತವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎದೆಯ ನಡುವೆ ಒತ್ತಿದಂಥ ನೋವು, ಎಡಗೈಗೆ ಅಥವಾ ದವಡೆಗೆ ಹರಡುವುದು, ತಣ್ಣನೆಯ ಬೆವರು ಇವು ಕಾಣಿಸಿಕೊಂಡರೆ ಅದು ಎಕೋ ಅಥವಾ ಸಿಟಿಗಾಗಿ ಕಲಬುರಗಿಯೋ ಹೈದರಾಬಾದೋ ಎಂದು ಚರ್ಚಿಸುವ ಸಮಯವಲ್ಲ. ಗ್ಯಾಸು ಎಂದು ಸೋಡಾ ಕುಡಿಯುವ ಸಮಯವೂ ಅಲ್ಲ. ಹತ್ತಿರದ ಆಸ್ಪತ್ರೆಗೆ ಹೋಗಿ ಹತ್ತು ನಿಮಿಷದೊಳಗೆ ಇಸಿಜಿ ಮಾಡಿಸಬೇಕು. ಪುನೀತರ ಹೆಸರಿನಲ್ಲಿಯೇ ರಾಜ್ಯ ಸರ್ಕಾರ ಆರಂಭಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ಕೇಂದ್ರದ ತಜ್ಞರು ಕೂಡಲೇ ನೋಡಿ ತಿಳಿಸುತ್ತಾರೆ. ಹೃದಯಾಘಾತವೆಂದು ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ನಿಮ್ಮ ಸಮೀಪದ ಯಾವ ಆಸ್ಪತ್ರೆಯಲ್ಲಿ ಈ ವ್ಯವಸ್ಥೆಯಿದೆ ಎಂಬುದನ್ನು ಆರೋಗ್ಯವಾಗಿರುವಾಗಲೇ ಕೇಳಿ ತಿಳಿದಿರಿ. ಮೊದಲ ಇಸಿಜಿ ಸರಿಯಿದ್ದು ನೋವು ಮುಂದುವರಿದರೆ ಮರಳಿ ಮಾಡಿಸಬೇಕು.

ಪರೀಕ್ಷೆಗೆ ಹೋಗುವ ಭಕ್ತರಿಗೆ

ಕಲ್ಯಾಣ ಕರ್ನಾಟಕದ ಜನರು ಹೃದಯದ ಚಿಕಿತ್ಸೆಗಾಗಿ ಬೆಂಗಳೂರಿಗೆ ಅಲೆಯುವ ಕಷ್ಟ ಈಗ ಬಹಳಷ್ಟು ತಗ್ಗಿದೆ. ಚಿತ್ರದುರ್ಗ ಮುರುಘಾಮಠದ ಜಯದೇವ ಜಗದ್ಗುರುಗಳ ಹೆಸರನ್ನು ಹೊತ್ತ ಸಂಸ್ಥೆಯ ಕಲಬುರಗಿ ಆಸ್ಪತ್ರೆಗೆ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ಹೊಸ ಕಟ್ಟಡವಾಗಿದೆ. ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ದೊರೆಯುತ್ತದೆ. ರೇಷನ್ ಕಾರ್ಡು, ಆಧಾರ್ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಜೊತೆಗಿರಲಿ. ರಾಜ್ಯದ ಗಡಿ ದಾಟಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವವರು ಯೋಜನೆ ಅಲ್ಲಿ ಅನ್ವಯಿಸುವುದೇ ಎಂದು ಮುಂಚಿತವಾಗಿ ವಿಚಾರಿಸಬೇಕು.

ಲಿಂಗಪೂಜೆಯಾಗದೆ ಆಹಾರ ಸೇವಿಸದವರು ನಸುಕಿನ ಬಸ್ಸಿಗೆ ಉಪವಾಸವೇ ಹೊರಡುವುದನ್ನು ಕಂಡಿದ್ದೇನೆ. ಎದೆಯ ಮೇಲಿನ ಸಾಮಾನ್ಯ ಎಕೋಗೆ ಉಪವಾಸ ಬೇಕಿಲ್ಲ. ಮಧುಮೇಹಿಗಳು ಬೇಗನೆದ್ದು ಪೂಜೆ ಮುಗಿಸಿ, ಉಂಡು, ಔಷಧ ತೆಗೆದುಕೊಂಡೇ ಹೊರಡಬೇಕು. ಅನ್ನನಾಳದ ಎಕೋಗೆ ಮಾತ್ರ ಆರು ಗಂಟೆ ಖಾಲಿ ಹೊಟ್ಟೆ ಅವಶ್ಯ. ಕಟ್ಟಿಸಿದ ಹಲ್ಲು ಇದ್ದರೆ ತೆಗೆದಿಡಬೇಕು.

ಇಷ್ಟಲಿಂಗದ ವಿಷಯ ಅನೇಕರು ಸಂಕೋಚದಿಂದ ಕೇಳುತ್ತಾರೆ. ಎಕೋ ಪರೀಕ್ಷೆಗೆ ಇಷ್ಟಲಿಂಗವನ್ನು ದೇಹದಿಂದ ಅಗಲಿಸುವ ಅಗತ್ಯವಿಲ್ಲ. ಎಡಮಗ್ಗುಲಾಗಿ ಮಲಗಿಸಿ ಎಡ ಎದೆಯ ಮೇಲೆ ನೋಡುವುದರಿಂದ ಶಿವದಾರವನ್ನು ಸರಿಸಿ ಕರಡಿಗೆಯನ್ನು ಬಲಭುಜದ ಕಡೆಗೆ ಅಥವಾ ಬಲ ಅಂಗೈಯಲ್ಲಿ ಇಟ್ಟುಕೊಂಡರಾಯಿತು. ತಂತ್ರಜ್ಞರಿಗೆ ಮೊದಲೇ ಹೇಳಿದರೆ ಅವರೂ ಸಹಕರಿಸುತ್ತಾರೆ. ಸಿಟಿಯಲ್ಲಿ ಎದೆಯ ಮೇಲಿನ ಲೋಹ ಚಿತ್ರವನ್ನು ಕೆಡಿಸುತ್ತದೆ. ಎಂಆರ್‌ಐ ಕೊಠಡಿಯೊಳಗಂತೂ ಯಾವ ಲೋಹವನ್ನೂ ಒಯ್ಯುವಂತಿಲ್ಲ. ಅಯಸ್ಕಾಂತದ ಸೆಳೆತ ಅಪಾಯಕರ. ಅಂಥ ಸಂದರ್ಭದಲ್ಲಿ ಏನು ಮಾಡಬೇಕೆಂದು ಪೂಜ್ಯರ ಅಪ್ಪಣೆಯನ್ನು ಹಿಂದಿನ ದಿನವೇ ಪಡೆದುಕೊಂಡು ಹೋಗುವುದು ಒಳಿತು. ಕೊಠಡಿಯ ಬಾಗಿಲಲ್ಲಿ ನಿಂತು ವಾದಿಸಿ ಪರೀಕ್ಷೆಯನ್ನೇ ಬಿಟ್ಟು ಬಂದವರಿದ್ದಾರೆ.

ತಾಯಂದಿರು ಎದೆ ತೆರೆಯಬೇಕಾಗುತ್ತದೆಂಬ ನಾಚಿಕೆಯಿಂದ ಎಕೋವನ್ನು ಮುಂದೂಡುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಮಹಿಳಾ ತಂತ್ರಜ್ಞರು ಇದ್ದಾರೆಯೇ ಎಂದು ಕೇಳಬಹುದು. ಇಲ್ಲದಿದ್ದರೆ ಮಹಿಳಾ ಸಿಬ್ಬಂದಿಯೋ ಮನೆಯ ಹೆಣ್ಣುಮಗಳೋ ಜೊತೆಗಿರಲಿ ಎಂದು ಕೇಳಬಹುದು. ಮುಂದೆ ಗುಂಡಿಯಿರುವ ಸಡಿಲ ಕುಪ್ಪಸ ತೊಟ್ಟು ಹೋದರೆ ಅನುಕೂಲ, ಮೇಲೆ ಬಟ್ಟೆ ಹೊದಿಸಿಯೇ ಪರೀಕ್ಷಿಸುತ್ತಾರೆ.

ಕೊನೆಯದಾಗಿ ಹಳೆಯ ಕಾಗದಗಳು. ಚಿತ್ರಣ ತಜ್ಞರಿಗೆ ಇಂದಿನ ಚಿತ್ರದಷ್ಟೇ ಹಿಂದಿನ ಚಿತ್ರವೂ ಬೇಕು. ಕವಾಟ ಎರಡು ವರ್ಷದಲ್ಲಿ ಎಷ್ಟು ಕಿರಿದಾಯಿತು, ಹೃದಯ ಎಷ್ಟು ಹಿಗ್ಗಿತು ಎಂಬುದು ಹೋಲಿಕೆಯಿಂದಲೇ ತಿಳಿಯುತ್ತದೆ. ಸೊಲ್ಲಾಪುರದ ರಿಪೋರ್ಟನ್ನು ಹೈದರಾಬಾದಿನಲ್ಲಿ ತೋರಿಸಿದರೆ ಅಲ್ಲಿಯವರು ಸಿಟ್ಟಾಗುವರೆಂದು ಮುಚ್ಚಿಡಬೇಡಿ. ಸಿಡಿ ಕೊಟ್ಟಿದ್ದರೆ ಅದನ್ನೂ ಒಯ್ಯಿರಿ. ಸೇವಿಸುತ್ತಿರುವ ಎಲ್ಲ ಔಷಧಗಳ ಹೆಸರನ್ನು, ನಾವು ಕೊಟ್ಟ ಚೂರ್ಣ ಅರಿಷ್ಟಗಳೂ ಸೇರಿದಂತೆ, ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿರಿ. ಇಸಿಜಿಯನ್ನು ಮುದ್ರಿಸುವ ಕಾಗದ ಶಾಖದಿಂದ ಅಕ್ಷರ ಮೂಡುವಂಥದು. ಬೀದರ ಜಿಲ್ಲೆಯ ಬೇಸಿಗೆಯಲ್ಲಿ ತಗಡಿನ ಪೆಟ್ಟಿಗೆಯೊಳಗೆ ಇಟ್ಟರೆ ಕೆಲವೇ ವರ್ಷಗಳಲ್ಲಿ ಪೂರ್ತಿ ಮಾಸಿ ಬಿಳಿಯ ಹಾಳೆಯಷ್ಟೇ ಉಳಿಯುತ್ತದೆ. ಪಡೆದ ವಾರದಲ್ಲಿಯೇ ಅದರ ಝೆರಾಕ್ಸ್ ತೆಗೆಸಿ ಎರಡನ್ನೂ ಒಟ್ಟಿಗೆ ಇಡಿರಿ.